ಹಳ್ಳದ ಬಾಯಿಯ ಉಸುಕು

ನಮ್ಮ ಮನೆಯ ನಡುವಿನ ಗೋಡೆಗೆ ಎರಡೂ ಕಡೆಯಿಂದ ಸುಣ್ಣ ಬಳಿಯುತ್ತಿದ್ದರು, ಆದರೆ ಒಂದೇ ದಿನ ಅಲ್ಲ. ಈಚೆ ಕಡೆ ನಮ್ಮವ್ವ ಬಳಿದರೆ ಆಚೆ ಕಡೆ ದೊಡ್ಡಮ್ಮ ಬೇಕೆಂದೇ ನಾಲ್ಕು ದಿನ ಬಿಟ್ಟು ಬಳಿಯುತ್ತಿದ್ದಳು. ಗೋಡೆ ಎಂದರೆ ಅದೇನು ಕೋಟೆಯಲ್ಲ, ಆಳೆತ್ತರದ ಮಣ್ಣಿನ ಗೋಡೆ, ಅದರ ಮೇಲೆ ಜಂತಿಯವರೆಗೆ ಒಂದು ಮೊಳ ಖಾಲಿ. ಆ ಸಂದಿಯಿಂದ ಅವರ ಒಲೆಯ ಹೊಗೆ ನಮ್ಮ ಅಡುಗೆಮನೆಗೆ, ನಮ್ಮ ಒಗ್ಗರಣೆಯ ಘಾಟು ಅವರ ಪಡಸಾಲೆಗೆ ಹೋಗಿ ಬಂದು ಮಾಡುತ್ತಿದ್ದವು. ದೊಡ್ಡಪ್ಪ ಕೆಮ್ಮಿದರೆ ಇತ್ತ ನಮ್ಮಪ್ಪ ಊಟದ ನಡುವೆ ಕೈ ನಿಲ್ಲಿಸಿ ಕೇಳುತ್ತಿದ್ದ, ಕೆಮ್ಮು ನಿಂತ ಮೇಲೆ ಮತ್ತೆ ತುತ್ತು ಎತ್ತುತ್ತಿದ್ದ. ಆದರೆ ಅಣ್ಣ ತಮ್ಮಂದಿರಿಗೆ ಮಾತಿರಲಿಲ್ಲ. ತೀರ ಮಾತಾಡಲೇಬೇಕಾದಾಗ ಅಂಗಳದಲ್ಲಿ ನಮ್ಮ ಎಮ್ಮೆ ಇತ್ತು.

"ಏ ಎಮ್ಮಿ, ನಿನ್ನ ಹಗ್ಗ ನಮ್ಮ ಬಾಗಲಕ್ಕ ಅಡ್ಡ ಬಂದೈತಿ ಅಂತ ನಿನ್ನ ಮಾಲಕಗ ಹೇಳು," ಎಂದು ದೊಡ್ಡಪ್ಪ ಅದರ ಮುಖ ನೋಡಿ ಹೇಳುತ್ತಿದ್ದ.

"ಏ ಎಮ್ಮಿ, ಕಣ್ಣಿದ್ದೋರು ದಾಟಿಕೊಂಡು ಹೋಗ್ತಾರ ಅಂತ ಹೇಳು," ಎಂದು ಅಪ್ಪ ಒಳಗಿಂದಲೇ ಉತ್ತರ ಕೊಡುತ್ತಿದ್ದ.

ನಮ್ಮ ಎಮ್ಮೆಗೆ ಕನ್ನಡ ಬರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ನಗಬೇಡಿ. ಹಾಗೆ ನಂಬದೆ ಆ ಮನೆಯಲ್ಲಿ ಇನ್ನೇನು ನಂಬಬೇಕಿತ್ತೋ ನನಗೆ ಇವತ್ತಿಗೂ ತಿಳಿಯದು. ಈಗ ಹಡಗಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ನಾಲ್ಕು ಜನರಿಗೆ ಬುದ್ಧಿ ಹೇಳುವ ಹೆಂಗಸಾಗಿದ್ದೇನೆ, ಆದರೆ ಆ ಮನೆಯ ಮಾತು ಬಂದರೆ ನನ್ನ ತಲೆ ಈಗಲೂ ಗೋಜಲಾಗುತ್ತದೆ. ಮಕ್ಕಳನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲವಾದ್ದರಿಂದ ನಾನು ಎರಡೂ ಕಡೆ ಓಡಾಡುತ್ತಿದ್ದೆ. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಅವನು ಹುರಿದ ಶೇಂಗಾ ಸಿಪ್ಪೆ ಬಿಡಿಸಿ ಬಿಡಿಸಿ ನನ್ನ ಅಂಗೈಗೆ ಹಾಕುತ್ತಿದ್ದ. ಅದನ್ನು ತಿಂದು ಈಚೆ ಬಂದರೆ ಅವ್ವ ಬಾಯಿ ಮೂಸಿ ನೋಡಿ, "ಹೋಗಿದ್ದ್ಯಾ? ಏನಂದ?" ಎಂದು ಕೇಳುತ್ತಿದ್ದಳು. ಏನೂ ಅನ್ನಲಿಲ್ಲ ಎಂದರೆ ಅದಕ್ಕೂ ಸಿಟ್ಟು.

ಮನೆ ಪಾಲಾದಾಗ ಪಾಲಾಗದೆ ಉಳಿದದ್ದು ಹೊರಗಿನ ಕಟ್ಟೆ ಮತ್ತು ನಮ್ಮ ಅಜ್ಜಿ. ಅಜ್ಜಿ ಬೆಳಗಿನ ರೊಟ್ಟಿ ನಮ್ಮಲ್ಲಿ ತಿನ್ನುತ್ತಿದ್ದಳು, ರಾತ್ರಿಯ ನವಣೆ ಅನ್ನ ಅವರಲ್ಲಿ. ಮಲಗುವುದು ಮಾತ್ರ ಕಟ್ಟೆಯ ಮೇಲೆ, ಸರಿಯಾಗಿ ಗೋಡೆ ಬಂದು ಮುಟ್ಟುವ ಕಡೆ ತಲೆ ಇಟ್ಟುಕೊಂಡು. ಸೊಸೆಯರಿಬ್ಬರೂ ಅಲ್ಲೇನು ಅಡುಗೆ ಎಂದು ಅವಳನ್ನು ಕೇಳುತ್ತಿದ್ದರು. ಅಜ್ಜಿ ಇಬ್ಬರಿಗೂ "ನೀ ಮಾಡಿದ್ದನ್ನ ಮಾಡ್ಯಾಳ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ನನ್ನ ತಲೆಯಲ್ಲಿ ಹೇನು ಹೆಕ್ಕುವಾಗ ಮಾತ್ರ ಅವಳ ಒಳಗಿನದು ಹೊರಗೆ ಬರುತ್ತಿತ್ತು.

"ನನಗ ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ ಹುಲಿಗಿ. ನನ್ನ ಹೊಟ್ಟ್ಯಾಗ ಹುಟ್ಟಿದವ್ರು ಇಬ್ಬರೂ ಒಂದ ಪಂಕ್ತಿಗೆ ಕುಂತು ಉಂಡ್ರ ಸಾಕು. ಅದ ನೋಡಿದ್ರ ನನಗ ಹೊಟ್ಟಿ ತುಂಬತೈತಿ."

ಆ ಪಂಕ್ತಿ ವರ್ಷಕ್ಕೆ ಮೂರು ದಿನ ಮಾತ್ರ ಬೀಳುತ್ತಿತ್ತು. ಅದಕ್ಕೆ ಕಾರಣ ಉಸುಕು.

ನಾವು ದೋಣಿ ನಡೆಸುವವರು. ಹಿರೇಹಡಗಲಿ, ಹೊಳಲು ಕಡೆಯ ಜನ ತುಂಗಭದ್ರೆಯ ಆಚೆ ದಂಡೆಗೆ ಬೀಗರ ಮನೆಗೋ ಸಂತೆಗೋ ಹೋಗಬೇಕೆಂದರೆ ನಮ್ಮೂರಿಗೆ ಬಂದು ದೋಣಿ ಹತ್ತುತ್ತಿದ್ದರು. ಊರ ಪಕ್ಕದ ಹಳ್ಳ ಹೊಳೆಗೆ ಕೂಡುವ ಜಾಗದಲ್ಲಿ ನೀರು ದಂಡೆಯೊಳಕ್ಕೆ ಸರಿದು ಮಡುವಿನಂತೆ ನಿಂತಿತ್ತು. ಹೊಳೆಯ ಸೆಳವು ಅಲ್ಲಿಗೆ ತಾಗುತ್ತಿರಲಿಲ್ಲ, ದೋಣಿ ಕಟ್ಟಲಿಕ್ಕೆ, ಮುದುಕರು ಮಕ್ಕಳು ಹತ್ತಿ ಇಳಿಯಲಿಕ್ಕೆ ಹೇಳಿ ಮಾಡಿಸಿದ ಜಾಗ. ಹೊಳೆಯಿಂದ ಅದರೊಳಕ್ಕೆ ಬರುವ ದಾರಿಗೆ ಎಲ್ಲರೂ ಹಳ್ಳದ ಬಾಯಿ ಎನ್ನುತ್ತಿದ್ದರು. ಮಳೆಗಾಲದಲ್ಲಿ ಹೊಳೆ ತುಂಬಿ ಬಂದು, ದೀಪಾವಳಿ ಹೊತ್ತಿಗೆ ಇಳಿದಾಗ ಈ ಬಾಯಿಗೆ ಅಡ್ಡಲಾಗಿ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಉಸುಕಿನ ದಿಬ್ಬ ಕೂತಿರುತ್ತಿತ್ತು. ಒಳಗಿನ ದೋಣಿ ಒಳಗೇ, ಹೊರಗಿನದು ಹೊರಗೇ. ಆ ದಿಬ್ಬ ತೆಗೆಯುವವರೆಗೆ ದೋಣಿ ನಡೆಯುತ್ತಿರಲಿಲ್ಲ.

ಅಣ್ಣ ತಮ್ಮಂದಿರ ಜಗಳ ಹುಟ್ಟಿದ್ದೂ ಆ ಉಸುಕಿನ ಮೇಲೆಯೇ. ನಾನಾಗ ತೊಟ್ಟಿಲಲ್ಲಿದ್ದೆನಂತೆ. ಮದುವೆ ದಿಬ್ಬಣವೊಂದನ್ನು ಕರೆತರುವಾಗ ಮುಂದೆ ಬಿದಿರಿನ ಗಳ ಹಿಡಿದು ನಿಂತವನು ಅಪ್ಪ, ಹಿಂದೆ ಹುಟ್ಟು ಹಾಕುತ್ತಿದ್ದವನು ದೊಡ್ಡಪ್ಪ. ಹಳ್ಳದ ಬಾಯಿಗೆ ಬಂದಾಗ ದೊಡ್ಡಪ್ಪ ಎಡಕ್ಕೆ ಅಂದ, ಅಪ್ಪ ಬಲಕ್ಕೆ ಒತ್ತಿದ, ದೋಣಿ ಹೋಗಿ ಉಸುಕಿನಲ್ಲಿ ಕೂತಿತು. ಮದುವಣಗಿತ್ತಿ ರೇಷ್ಮೆ ಸೀರೆ ಎತ್ತಿಕೊಂಡು ಮೊಣಕಾಲುದ್ದ ನೀರಿಗೆ ಇಳಿಯಬೇಕಾಯಿತು. ಗಂಡಿನ ಸೋದರಮಾವ ಎಲ್ಲರೆದುರಿಗೆ, "ದೋಣಿ ನಡಸೋರೋ ಕುರಿ ಕಾಯೋರೋ ನೀವು?" ಎಂದು ಕೇಳಿದನಂತೆ. ಅವನು ಕೇಳಿದ್ದಕ್ಕೆ ಇವರು ಒಬ್ಬರನ್ನೊಬ್ಬರು ಕೇಳಿಕೊಂಡರು, ಬಾಜಾದವರು ಬಾರಿಸುವುದು ಬಿಟ್ಟು ಇವರ ಜಗಳ ನೋಡುತ್ತ ನಿಂತರು. ದೊಡ್ಡಪ್ಪ ಹುಟ್ಟನ್ನು ದೋಣಿಯೊಳಗೆ ಎಸೆದು ದಂಡೆ ಹತ್ತಿದವನು ಮತ್ತೆ ಆ ದೋಣಿಗೆ ಕಾಲಿಡಲಿಲ್ಲ. ಬಲೆ ಹಿಡಿದು ಮೀನಿಗೆ ಹೋಗತೊಡಗಿದ. ವಾರದೊಳಗೆ ಗೋಡೆ ಎದ್ದಿತು. ಗೋಡೆಯ ಈಚೆ ಕೇಳಿದರೆ ತಪ್ಪು ದೊಡ್ಡಪ್ಪನದು, ಆಚೆ ಕೇಳಿದರೆ ಅಪ್ಪನದು, ಎರಡೂ ಕಡೆಯ ಮಾತು ಕೇಳುವಾಗ ನಿಜವೇ ಅನ್ನಿಸುತ್ತಿತ್ತು. ನಾನು ಯಾರ ಕಡೆಯೆಂದು ಯಾರಾದರೂ ಕೇಳಿದರೆ ಅಳುತ್ತಿದ್ದೆ.

ಆದರೆ ಉಸುಕು ತೆಗೆಯುವುದು ಹೊಳೆಯ ದೇವತೆ ಗಂಗಮ್ಮನ ಕೆಲಸ. ಹಿರಿಯರ ಕಾಲದಿಂದ ಅದಕ್ಕೊಂದು ಕಟ್ಟು ಇತ್ತು. ಉಸುಕು ಹೊರುವ ಪುಟ್ಟಿ ಹಿಡಿದು ನೀರಿಗಿಳಿದವರು ಆ ಮೂರು ದಿನ ಯಾರ ಮೇಲೂ ಮಾತು ಬಿಡುವಂತಿಲ್ಲ, ಬಡಿಸಿದ್ದನ್ನು ಬೇಡ ಅನ್ನುವಂತಿಲ್ಲ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಮೀನು ಮುಟ್ಟುವಂತಿಲ್ಲ. ತೆಗೆದ ಉಸುಕು ಗಂಗಮ್ಮನದು, ಅದನ್ನು ಎಲ್ಲೆಂದರಲ್ಲಿ ಚೆಲ್ಲದೆ ಬಾಯಿಯ ಮೇಲ್ಗಡೆ, ಹೊಳೆಯ ಅಂಚಿನಲ್ಲಿದ್ದ ಅವಳ ಕಲ್ಲಿನ ಮುಂದೆ ರಾಶಿ ಹಾಕಬೇಕು. ದೊಡ್ಡಪ್ಪ ಇದನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ಬೆಳಗಾದರೆ ಸಲಿಕೆ ಹೆಗಲಿಗೇರಿಸಿ ಬಂದು ಎಮ್ಮೆಯ ಕಡೆ ತಿರುಗಿಯೂ ನೋಡದೆ, "ಏಳೋ, ಬಿಸಲೇರಿದ ಮ್ಯಾಲ ಹೋಗ್ತಿಯೇನು?" ಎಂದು ಅಪ್ಪನನ್ನೇ ಕರೆಯುತ್ತಿದ್ದ. ಅಪ್ಪ, "ಬಂದೆ ಬಂದೆ ಅಣ್ಣ," ಎಂದು ಟವೆಲ್ಲು ಹುಡುಕುತ್ತಿದ್ದ. ಅಪ್ಪ ಸಲಿಕೆ ಹಿಡಿಯುವ ರೀತಿಗೆ ದೊಡ್ಡಪ್ಪ ಬೈಯುವುದು, ಅಪ್ಪ ನಗುವುದು. ಕಟ್ಟೆಯ ಮುಂದೆ ಮೂರು ಕಲ್ಲು ಹೂಡಿ ಅವ್ವ ಹಿಟ್ಟು ನಾದಿದರೆ ದೊಡ್ಡಮ್ಮ ರೊಟ್ಟಿ ಬಡಿಯುವಳು. ಪುಂಡಿಪಲ್ಯ, ಗುರೆಳ್ಳು ಚಟ್ನಿ, ಕಡೆಯ ದಿನ ಹೋಳಿಗೆ. ಊರಿನ ಮನೆಗೊಬ್ಬರು ಬಂದು ಕೈ ಹಚ್ಚುತ್ತಿದ್ದರು, ಅವರೂ ಅದೇ ಪಂಕ್ತಿ. ಅಜ್ಜಿ ಮಾತ್ರ ಕೂರುತ್ತಿರಲಿಲ್ಲ, ಇಬ್ಬರು ಮಕ್ಕಳ ಎದುರಿಗೆ ಕಂಬಕ್ಕೊರಗಿ ನಿಂತು ನೋಡುತ್ತಿದ್ದಳು. ನಾಲ್ಕನೆಯ ದಿನ ಬೆಳಗ್ಗೆ ನಾನು ಎದ್ದು ಹೊರಗೆ ಬಂದರೆ ಅಂಗಳದಲ್ಲಿ ಮತ್ತೆ "ಏ ಎಮ್ಮಿ". ಯಾರಿಗೆ ಏನಾಯಿತು, ರಾತ್ರಿ ಬೆಳಗಾಗುವುದರೊಳಗೆ ನಾನೇನಾದರೂ ತಪ್ಪು ಮಾಡಿದೆನೇ ಎಂದು ನಾನು ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಿದ್ದೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ ನಡೆದದ್ದನ್ನು ಹೇಳುತ್ತೇನೆ. ನಮ್ಮಲ್ಲಿ ಒಡೆದ ಬಳೆಯನ್ನು ತಿಪ್ಪೆಗೆ ಹಾಕುತ್ತಿರಲಿಲ್ಲ. ಮುತ್ತೈದೆಯರ ಬಳೆ ಗಂಗಮ್ಮನಿಗೆ ಸೇರಬೇಕು ಎಂದು ಅಜ್ಜಿ ವರ್ಷವೆಲ್ಲ ಎರಡೂ ಮನೆಯ ಬಳೆ ಚೂರುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಉಸುಕು ರಾಶಿ ಹಾಕಿದ ಮೇಲೆ ಅದರಲ್ಲಿ ಕೈಯಿಂದ ಗುಂಡಿ ತೋಡಿ ಹುಗಿಯುತ್ತಿದ್ದಳು. ಹಿಂದಿನ ವರ್ಷ ಹುಗಿಯುವಾಗ ನಾನೂ ಜೊತೆಗಿದ್ದೆ. ದೊಡ್ಡಮ್ಮನ ನೀಲಿ ಬಳೆಯ ಮೇಲೆ ಬಂಗಾರದ ಬಣ್ಣದ ಚುಕ್ಕೆಗಳಿದ್ದವು, ಅವು ನನಗೆ ಆಡಲಿಕ್ಕೆ ಬೇಕೆಂದು ಅತ್ತು ಅಜ್ಜಿಯಿಂದ ತಲೆಗೊಂದು ಮೊಟಕಿಸಿಕೊಂಡಿದ್ದೆ. ಈ ವರ್ಷ ಹಳ್ಳದ ಬಾಯಿಯಲ್ಲಿ ಪುಟ್ಟಿಗೆ ಉಸುಕು ಬಾಚುತ್ತಿದ್ದಾಗ ಬೆರಳಿಗೇನೋ ತಾಗಿತು. ತೊಳೆದು ನೋಡಿದರೆ ನೀಲಿ ಚೂರು, ಮೇಲೆ ಚುಕ್ಕೆ. ಇನ್ನಷ್ಟು ಕೆದಕಿದೆ, ಅವ್ವನ ಹಸಿರು ಬಳೆಯ ಚೂರು ಮೂರು ಸಿಕ್ಕವು. ಕಲ್ಲಿನ ಕಡೆ ತಿರುಗಿ ನೋಡಿದೆ. ಹೋದ ವರ್ಷ ಅಷ್ಟೆತ್ತರ ಹಾಕಿದ ರಾಶಿ ಅಲ್ಲಿರಲೇ ಇಲ್ಲ. ಹೊಳೆ ಹರಿಯುವುದು ಕಲ್ಲಿನ ಕಡೆಯಿಂದ ನಾವು ನಿಂತ ಕಡೆಗೆ. ನನ್ನಂಥ ದಡ್ಡಿಗೂ ತಿಳಿಯಿತು. ಚೂರುಗಳನ್ನು ಲಂಗದ ಕೊನೆಗೆ ಗಂಟು ಹಾಕಿಕೊಂಡು ಊಟದ ಹೊತ್ತಿಗೆ ಪಂಕ್ತಿಯ ನಡುವೆ ನಿಂತು ಬಿಚ್ಚಿದೆ.

"ಅಪ್ಪಾ, ಇದು ಹೋದ ವರ್ಷ ತೆಗದಿದ್ದ ಉಸುಕು. ಗಂಗಮ್ಮನ ಮುಂದ ಹಾಕಿದ್ದು ತಿರುಗಿ ಬಾಯಿಗೇ ಬಂದೈತಿ. ದೊಡ್ಡಮ್ಮನ ಬಳಿ ನೋಡು."

ದೊಡ್ಡಮ್ಮ ಚೂರು ಹಿಡಿದು ನೋಡಿ, "ಅಯ್ಯ, ನಂದ ಐತಿ," ಎಂದಳು. ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ನಾವು ಎಂಥಾ ಕೋಡಂಗಿಗಳೋ ತಮ್ಮಾ! ಇಷ್ಟು ವರ್ಷ ತೆಗದದ್ದನ್ನ ತೆಗದೀವಲ್ಲೋ!"

"ಹೌದಲ್ಲೋ ಅಣ್ಣಾ!" ಎಂದು ಅಪ್ಪನೂ ನಕ್ಕ. "ನಾಳಿಂದ ಕೆಳಗಡೆ ಹಾಕೂಣು. ಹೊಳಿ ಮುಂದಕ್ಕ ಒಯ್ತೈತಿ."

ಅಜ್ಜಿಯೊಬ್ಬಳೇ ನಗಲಿಲ್ಲ. "ಗಂಗಮ್ಮನ ಉಸುಕು ಗಂಗಮ್ಮಗ ಸೇರಬೇಕು," ಎಂದಳು. ಮೊದಲ ಪುಟ್ಟಿ ಅವಳಿಗೆ, ಉಳಿದದ್ದು ಕೆಳಕ್ಕೆ ಎಂದು ದೊಡ್ಡಪ್ಪ ಸಮಾಧಾನ ಹೇಳಿದ. ಅಜ್ಜಿ ನನ್ನ ಕಡೆ ತಿರುಗಿ, "ಉಣ್ಣು ಸುಮ್ನ. ಊಟದಾಗ ಎದ್ದು ನಿಲ್ತಾರೇನು?" ಎಂದು ಗದರಿದಳು. ಊರವರೆಲ್ಲ ನನ್ನ ಬೆನ್ನು ಚಪ್ಪರಿಸುವಾಗ ಅಜ್ಜಿ ಯಾಕೆ ಸಿಟ್ಟಾದಳೋ ತಿಳಿಯಲಿಲ್ಲ. ಕಲ್ಲಿನ ಮುಂದಿನ ಹೊಸ ರಾಶಿಯನ್ನೂ ಕರಗಿಸಿ ಎರಡು ದಿನ ಹೆಚ್ಚಿಗೆ ದುಡಿದು ಅಷ್ಟನ್ನೂ ಕೆಳದಂಡೆಗೆ ಸಾಗಿಸಿದರು. ಆ ಎರಡು ದಿನ ಹೆಚ್ಚಿಗೆ ಪಂಕ್ತಿ ಬಿತ್ತಲ್ಲ ಎಂದು ನಾನು ಅಜ್ಜಿಗೆ ಹೇಳಲು ಹೋದರೆ ಅವಳು ಕೈಯಾಡಿಸಿ ಕಳಿಸಿಬಿಟ್ಟಳು.

ಮುಂದಿನ ವರ್ಷ ಹೊಳೆ ಬಂದು ಇಳಿಯಿತು. ಹಳ್ಳದ ಬಾಯಿಯ ಒಂದು ಮೂಲೆಯಲ್ಲಿ ನಾಲ್ಕು ಪುಟ್ಟಿಯಷ್ಟು ಉಸುಕು ಬಿಟ್ಟರೆ ಉಳಿದದ್ದೆಲ್ಲ ಆಳ ನೀರು. ಅಪ್ಪ ಗಳ ಇಳಿಸಿ ನೋಡಿ ಬಂದು ಎಲ್ಲರಿಗೂ ಕೇಳುವಂತೆ, "ನಮ್ಮ ಹುಲಿಗಿ ತಲಿ ಅಂದ್ರ ತಲಿ!" ಎಂದ. ದೀಪಾವಳಿ ಮರುದಿನವೇ ದೋಣಿ ನಡೆಯಿತು. ನಾನು ಉಬ್ಬಿ ಹೋಗಿದ್ದೆ. ಆದರೆ ನಾಲ್ಕು ದಿನ ಕಳೆಯುವುದರಲ್ಲಿ ಮನೆಯೊಳಗೆ ಏನೋ ಎಡವಟ್ಟಾಗಿದೆ ಎಂದು ನನಗೆ ಅನ್ನಿಸತೊಡಗಿತು, ಏನೆಂದು ಮಾತ್ರ ಗೊತ್ತಾಗಲಿಲ್ಲ. ಅವ್ವ ಹೋಳಿಗೆಗೆಂದು ತಂದಿಟ್ಟ ಬೆಲ್ಲವನ್ನು ಒಂದು ಸಲ ಕೆಳಗಿಳಿಸಿದಳು, ನೋಡಿದಳು, ಮತ್ತೆ ನೆಲುವಿಗೆ ಏರಿಸಿದಳು. ದೊಡ್ಡಪ್ಪ ಸಂಜೆಯಾದರೆ ದಂಡೆಗೆ ಬಂದು ಹಳ್ಳದ ಬಾಯಿಯನ್ನೇ ನೋಡುತ್ತ ನಿಂತು, ಬೀಡಿ ಮುಗಿದ ಮೇಲೆ ಹೊರಟುಹೋಗುತ್ತಿದ್ದ. ಅಜ್ಜಿ ದಿನಾ ಬೆಳಗ್ಗೆ ಅಪ್ಪನನ್ನು ಕೇಳುತ್ತಿದ್ದಳು.

"ಉಸುಕು ಕುಂತಿಲ್ಲೇನೋ?"

"ಇಲ್ಲಬೇ. ಆರಾಮ ಐತಿ."

"ಸರಿಯಾಗಿ ನೋಡಿಯೇನು?"

"ದಿನಾ ದೋಣಿ ಹೊಡಿಯಾವ ನಾನೋ ನೀನೋ?"

ಅಪ್ಪ ನಗುತ್ತ ಹೋಗುತ್ತಿದ್ದ. ಅಜ್ಜಿ ಅರ್ಧ ರೊಟ್ಟಿ ಮುರಿದು ಬಿಟ್ಟು ಕಟ್ಟೆಗೆ ಹೋಗಿ ಕೂರುತ್ತಿದ್ದಳು. ರಾತ್ರಿ ಆಚೆಯೂ ಸರಿಯಾಗಿ ಉಣ್ಣುತ್ತಿಲ್ಲ ಎಂದು ದೊಡ್ಡಮ್ಮ ನನ್ನ ಹತ್ತಿರ ಹೇಳಿದಳು. ಅಜ್ಜಿಗೆ ಮೊದಲಿನಿಂದಲೂ ಗೊತ್ತಿತ್ತೇ? ಮೇಲ್ಗಡೆ ಹಾಕಿದ ಉಸುಕು ತಿರುಗಿ ಬಾಯಿಗೇ ಬರುತ್ತದೆ, ಬಂದರೆ ಇಬ್ಬರೂ ಸಲಿಕೆ ಹಿಡಿಯಲೇಬೇಕು ಎಂದು ತಿಳಿದೇ ಆ ಕಟ್ಟನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದಳೇ? ಅವ್ವ ಈಗಲೂ "ಆ ಮುದುಕಿಗೆ ಎಲ್ಲಾ ಗೊತ್ತಿತ್ತು" ಎನ್ನುತ್ತಾಳೆ. ದೊಡ್ಡಮ್ಮ "ಪಾಪ, ಅಕಿಗೇನು ಗೊತ್ತು, ದೇವರ ಮಾತಂದ್ರ ದೇವರ ಮಾತು ಅಷ್ಟ" ಎನ್ನುತ್ತಿದ್ದಳು. ನಾನು ಒಮ್ಮೆ ಇವಳ ಮಾತಿಗೆ ಹೂಂ ಅನ್ನುತ್ತೇನೆ, ಒಮ್ಮೆ ಅವಳ ಮಾತಿಗೆ. ಹುಟ್ಟಿದ ಮನೆ ಹಾಗಿತ್ತಲ್ಲ, ನನ್ನ ಬುದ್ಧಿಯೂ ಹಾಗೇ ಆಗಿದೆ.

ಒಂದು ರಜೆಯ ದಿನ, ಬಿಸಿಲೇರುವ ಹೊತ್ತು. ಅಪ್ಪ ಜನರನ್ನು ಕೂಡಿಸಿಕೊಂಡು ಆಚೆ ದಂಡೆಗೆ ಹೋಗಿದ್ದ. ಕಟ್ಟೆಯ ಮೇಲೆ ಅಜ್ಜಿ ಕಾಣಲಿಲ್ಲ. ಹುಡುಕುತ್ತ ಹೊಳೆಗೆ ಹೋದರೆ, ಅವಳು ಸೀರೆ ಮೊಣಕಾಲಿನ ಮೇಲಕ್ಕೆ ಕಟ್ಟಿಕೊಂಡು ಹಳ್ಳದ ಬಾಯಿಯ ಅಂಚಿನಲ್ಲಿ ನಿಂತಿದ್ದಾಳೆ. ಕೆಳದಂಡೆಯಲ್ಲಿ ಉಳಿದಿದ್ದ ಉಸುಕನ್ನು ಸಣ್ಣ ಪುಟ್ಟಿಯಲ್ಲಿ ತುಂಬಿ, ಸೊಂಟಕ್ಕಿಟ್ಟುಕೊಂಡು, ಏದುಸಿರು ಬಿಡುತ್ತ ತಂದು ನೀರಿಗೆ ಸುರಿಯುತ್ತಿದ್ದಾಳೆ. ಸುರಿದದ್ದು ಸುರಿದಂತೆ ನೀರು ಕದಡಿ, ಒಂದು ಗಳಿಗೆಗೆ ತಿಳಿಯಾಗುತ್ತಿತ್ತು. ಅವಳು ಮತ್ತೆ ದಂಡೆ ಹತ್ತುತ್ತಿದ್ದಳು. ಅಜ್ಜಿಗೆ ತಲೆ ಕೆಟ್ಟಿತೆಂದು ನನಗೆ ಹೆದರಿಕೆಯಾಯಿತು.

"ಅಜ್ಜೀ, ಏನ್ ಮಾಡಾಕತ್ತಿ?"

"ಕಾಣಂಗಿಲ್ಲೇನು? ಉಸುಕು ಹಾಕಾಕತ್ತೀನಿ."

"ಉಸುಕು ತೆಗೀಬೇಕಬೇ, ಹಾಕಬಾರ್ದು!"

"ಹೌದವ್ವ, ತೆಗೀಬೇಕು. ತೆಗೀಬೇಕಂದ್ರ ಮೊದಲು ಇರಬೇಕಲ್ಲ."

ಅಷ್ಟು ಹೇಳಿ ಅವಳು ಪುಟ್ಟಿಯನ್ನು ಮಂಡಿಯ ಮೇಲಿಟ್ಟುಕೊಂಡು ದಂಡೆಯಲ್ಲಿ ಕುಸಿದು ಕೂತಳು. ಅಜ್ಜಿ ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಒಂದ ಪಂಕ್ತಿಗೆ ಉಂಡು ವರ್ಷ ಮ್ಯಾಲಾತು ಕೂಸ. ಇನ್ನ ಯಾವ ನೆವಕ್ಕ ಕೂಡ್ತಾರ ಅವ್ರು? ನಾ ಸತ್ತಾಗೇನು?"

ನನಗೂ ಅಳು ನುಗ್ಗಿ ಬಂತು. ನನ್ನಿಂದಲೇ ಆಯಿತು, ನಾನು ಆ ಬಳೆ ಚೂರು ತೋರಿಸದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಮರುಗಳಿಗೆಗೇ, ಅಲ್ಲ, ನಾನು ಒಳ್ಳೆಯದನ್ನೇ ಮಾಡಿದೆನಲ್ಲ, ಎಲ್ಲರೂ ಬೆನ್ನು ತಟ್ಟಿದರಲ್ಲ ಎಂದೂ ಅನ್ನಿಸಿತು. ಎರಡರಲ್ಲಿ ಯಾವುದನ್ನು ಹಿಡಿಯಬೇಕೋ ತೋಚದೆ ಕಣ್ಣೊರೆಸಿಕೊಂಡು ನಾನೂ ಎರಡು ಬೊಗಸೆ ಉಸುಕು ತಂದು ನೀರಿಗೆ ಹಾಕಿದೆ. ಅಷ್ಟರಲ್ಲಿ ಅಪ್ಪನ ದೋಣಿ ಬಾಯಿಯೊಳಗೆ ಬಂತು. ಅಜ್ಜಿಯ ಮಡಿಲಲ್ಲಿ ಪುಟ್ಟಿ, ನನ್ನ ಕೈಯೆಲ್ಲ ಉಸುಕು, ಹೊಸದಾಗಿ ಕದಡಿದ ನೀರು. ಎಲ್ಲವನ್ನೂ ಅವನು ನೋಡಿದ. ಜನರನ್ನು ಇಳಿಸಿ ಕಳಿಸಿದ ಮೇಲೂ ದೋಣಿಯಲ್ಲೇ ನಿಂತಿದ್ದ. ಇನ್ನು ಬೈಗಳ ಶುರುವಾಗುತ್ತದೆ ಎಂದು ನಾನು ಅಜ್ಜಿಯ ಬೆನ್ನಿಗೆ ಸರಿದೆ. ಅಪ್ಪ ಬೈಯಲಿಲ್ಲ. ಗಳ ಎತ್ತಿ ನೀರಿಗೆ ಇಳಿಸಿದ. ಅದು ಇಳಿಯಿತು, ಇಳಿಯಿತು, ಅವನ ಮೊಣಕೈಯವರೆಗೆ ಇಳಿಯಿತು. ಗಳ ಮೇಲೆಳೆದುಕೊಂಡು ಅಜ್ಜಿಯ ಕಡೆ ನೋಡದೆ ನನಗೆ ಹೇಳಿದ.

"ಹುಲಿಗಿ, ಓಡು. ಹಳ್ಳದ ಬಾಯಿ ಮುಚ್ಚೇತಿ ಅಂತ ನಿಮ್ಮ ದೊಡ್ಡಪ್ಪಗ ಹೇಳು."

"ಮುಚ್ಚಿಲ್ಲಪ್ಪ! ಈಗ ನೀನ ಗಳ ಹಾಕಿ ನೋಡಿದೆಲ್ಲ?"

"ಹೇಳಿದಷ್ಟು ಹೇಳು."

ದೊಡ್ಡಪ್ಪ ಕಟ್ಟೆಯ ತನ್ನ ಕಡೆ ಕೂತು ಬಲೆಯ ತೂತು ಹೊಲಿಯುತ್ತಿದ್ದ. ಹೇಳಿದಷ್ಟು ಹೇಳಿದೆ. ಆದರೆ ಹಿಂದಿನ ಸಂಜೆಯೂ ಅವನು ಹಳ್ಳದ ಬಾಯಿಯ ದಂಡೆಯಲ್ಲಿ ನಿಂತು ಬೀಡಿ ಸೇದಿದ್ದನ್ನು ನಾನು ನೋಡಿದ್ದೆ. ಅವನ ಕಣ್ಣೆದುರೇ ದೋಣಿ ಒಳಗೆ ಬಂದು ಹೊರಗೆ ಹೋಗಿತ್ತು. ಅವನು ಹೊಲಿಯುವುದು ಬಿಟ್ಟು ನನ್ನ ಮುಖ ನೋಡಿದ.

"ನಿಮ್ಮಪ್ಪ ತಾನ ಹೇಳಿ ಕಳಿಸ್ಯಾನೇನು?"

"ಹೂಂ."

ಬಲೆಯನ್ನು ಪಕ್ಕಕ್ಕಿಟ್ಟು ಎದ್ದ. ಒಳಗೆ ಹೋಗಿ ಸಲಿಕೆ ತಂದ. ನಾನು ಅವನ ಹಿಂದೆ ಓಡುತ್ತ ಓಡುತ್ತ ಹೋದೆ. ದಂಡೆಯ ಮೇಲೆ ಅಜ್ಜಿ ಎದ್ದು ನಿಂತಿದ್ದಳು, ಅಪ್ಪ ಪುಟ್ಟಿ ಹಿಡಿದು ನೀರಂಚಿನಲ್ಲಿದ್ದ. ದೊಡ್ಡಪ್ಪ ಯಾರನ್ನೂ ನೋಡದೆ ನೇರ ಹಳ್ಳದ ಬಾಯಿಗೆ ಇಳಿದ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು, ಎದೆಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ತಳ ತಡವಿದ. ಸಲಿಕೆಯನ್ನು ನೀರಿಗೆ ಚುಚ್ಚಿದ, ಹಿಡಿಕೆಯ ತುದಿಯಷ್ಟೇ ಮೇಲೆ ಉಳಿಯಿತು. ದೊಡ್ಡಪ್ಪ ತಿರುಗಿ ಅಜ್ಜಿಯನ್ನು ನೋಡಿದ, ಆಮೇಲೆ ಅಪ್ಪನನ್ನು ನೋಡಿದ.

"ಭಾಳ ತುಂಬೈತಿ ಬಿಡೋ ತಮ್ಮಾ ಈ ಸಲ," ಎಂದ.

ಅಪ್ಪ ಪುಟ್ಟಿ ಹಿಡಿದುಕೊಂಡು ನೀರಿಗಿಳಿದ.

"ಹೂನಣ್ಣ. ಮೂರು ದಿನಕ್ಕ ಮುಗಿಯೂದಲ್ಲ ಇದು."